ಟೈಮಿಂಗ್ ಎಷ್ಟು ಬಂತು?

2012ರ ಆಗಸ್ಟ್ ತಿಂಗಳು. ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಪಾಲ್ ರಯಾನ್ ರೇಡಿಯೊ ಸಂದರ್ಶನವೊಂದರಲ್ಲಿ ಮಾತಿಗೆ ಮಾತು ಬಂದು, ತಾವು ಹಿಂದೆ ಮ್ಯಾರಥಾನ್ ಓಡಿದ್ದಾಗಿ ಹೇಳಿದರು. ಎಷ್ಟು ಹೊತ್ತಿನಲ್ಲಿ ಎಂದು ಕೇಳಿದ್ದಕ್ಕೆ ಮೂರು ಗಂಟೆಯೊಳಗೆ, ಎರಡು ಗಂಟೆ ಐವತ್ತು ಚಿಲ್ಲರೆ ನಿಮಿಷ ಎಂದುಬಿಟ್ಟರು. ಓಟದ ಗಂಧವಿಲ್ಲದವರಿಗೆ ಅದು ಬರೀ ಅಂಕಿ. ಬಲ್ಲವರ ಕಿವಿ ಮಾತ್ರ ನೆಟ್ಟಗಾಯಿತು. 42.195 ಕಿಲೋಮೀಟರನ್ನು ಮೂರು ಗಂಟೆಯೊಳಗೆ ಮುಗಿಸಬೇಕಾದರೆ ಪ್ರತಿ ಕಿಲೋಮೀಟರನ್ನೂ 4 ನಿಮಿಷ 15 ಸೆಕೆಂಡಿನ ಆಸುಪಾಸಿನಲ್ಲಿ ಕೊನೆಯವರೆಗೂ ಎಳೆಯಬೇಕು. ವರ್ಷಗಟ್ಟಲೆ ಬೆವರು ಹರಿಸಿದ ಹವ್ಯಾಸಿಗಳಲ್ಲೂ ಹೆಚ್ಚಿನವರಿಗೆ ಅದು ದಕ್ಕುವುದಿಲ್ಲ. 'ರನ್ನರ್ಸ್ ವರ್ಲ್ಡ್' ಪತ್ರಿಕೆ ಹಳೆಯ ಫಲಿತಾಂಶಗಳನ್ನು ಕೆದಕಿ ನೋಡಿತು. ಸಿಕ್ಕಿದ್ದು 1990ರಲ್ಲಿ ಮಿನೆಸೋಟ ರಾಜ್ಯದ ಡುಲೂತ್‌ನಲ್ಲಿ ಓಡಿದ ಒಂದೇ ಮ್ಯಾರಥಾನ್. ಆಗ ರಯಾನರಿಗೆ 20 ವರ್ಷ. ಟೈಮಿಂಗ್ 4 ಗಂಟೆ 1 ನಿಮಿಷ 25 ಸೆಕೆಂಡ್.

ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು, ಸುತ್ತುಸಂಖ್ಯೆ ಹೇಳುವುದಿದ್ದರೆ ನಾಲ್ಕು ಗಂಟೆ ಅನ್ನಬೇಕಿತ್ತು ಎಂದು ರಯಾನ್ ನಗೆಚಾಟಿಕೆಯಲ್ಲೇ ಒಪ್ಪಿಕೊಂಡರು. ಬಜೆಟ್ಟಿನಲ್ಲಿ ಸಾವಿರ ಕೋಟಿ ಆಚೀಚೆಯಾದರೂ ಸುಮ್ಮನಿರುವ ಜನ ಇದನ್ನು ಮಾತ್ರ ಸುಲಭವಾಗಿ ಬಿಡಲಿಲ್ಲ. ನಿಜವಾಗಿ ಓಡಿದವನು ತನ್ನ ಅತ್ಯುತ್ತಮ ಸಮಯವನ್ನು ಮರೆಯಲಾರ, ಅದರಲ್ಲೂ ಒಂದು ತಾಸಿನಷ್ಟು ಮರೆಯುವುದಂತೂ ಸಾಧ್ಯವೇ ಇಲ್ಲ ಎಂಬುದು ಅವರ ವಾದ.

ವಾದದಲ್ಲಿ ಹುರುಳಿದೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಓಟ ಮುಗಿಸಿ ಕಾಫಿಗೆ ಸೇರುವ ಯಾವುದೇ ಗುಂಪಿನ ಪಕ್ಕ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ:

"ಹಾಫ್ ಎಷ್ಟಕ್ಕೆ ಮುಗಿಸಿದ್ರಿ ಸಾರ್?"

"ಅಯ್ಯೋ ಏನಿಲ್ಲ ಬಿಡಿ, ಎರಡು ಗಂಟೆ ನಾಲ್ಕು ನಿಮಿಷ. ಕೊನೇ ಮೂರು ಕಿಲೋಮೀಟರ್ ಮೀನಖಂಡ ಹಿಡ್ಕೊಂಡ್ಬಿಡ್ತು. ಇಲ್ಲಾಂದ್ರೆ ಸಬ್-ಟೂ ಆಗಿರೋದು."

"ಆದ್ರೂ ಪಿಬಿ ತಾನೇ?"

"ಪಿಬಿನೇ, ಪಿಬಿನೇ."

ಇಷ್ಟು ಹೇಳಿ ಅವರು ಫೋನ್ ತೆಗೆಯುತ್ತಾರೆ. ಇಪ್ಪತ್ತೊಂದು ಕಿಲೋಮೀಟರಿನ ಒಂದೊಂದು ಸ್ಪ್ಲಿಟ್ಟನ್ನೂ, ಅಂದರೆ ಒಂದೊಂದು ಕಿಲೋಮೀಟರಿಗೆ ಹಿಡಿದ ಸಮಯವನ್ನೂ, ಬೆರಳಿಂದ ಸರಿಸುತ್ತಾ, ಇಲ್ಲಿ ನೀರು ಕುಡಿದೆ, ಇಲ್ಲಿ ಫ್ಲೈಓವರ್ ಬಂತು ಎಂದು ಟಿಪ್ಪಣಿ ಕೊಡುತ್ತಾರೆ. ಬಾಯಲ್ಲಿ 'ಏನಿಲ್ಲ ಬಿಡಿ', ಬೆರಳಿನಲ್ಲಿ ಸಂಭ್ರಮ. ಪಿಬಿ, ಅಂದರೆ ತನ್ನದೇ ಅತ್ಯುತ್ತಮ ಸಮಯದ ಬಗ್ಗೆ ಹವ್ಯಾಸಿ ಓಟಗಾರರಿಗೆ ಹೆಮ್ಮೆ ಇದೆಯೇ ಎಂದು ಕೇಳಿದರೆ ಹೌದು, ಇಲ್ಲ ಎರಡೂ ಉತ್ತರ ಒಬ್ಬರ ಬಾಯಿಂದಲೇ ಬರುವುದು ಹೀಗೆ. ಇದು ಬರೀ ಸಂಕೋಚ ಎಂದು ನನಗನ್ನಿಸುವುದಿಲ್ಲ. ಮನಸ್ಸು ಸಮಯವನ್ನು ಅಳೆಯುವ ರೀತಿಯೇ ಬೇರೆ.

ಡೇನಿಯಲ್ ಕಾನಮನ್ ಮತ್ತು ಏಮೊಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಮುಂದೆ ಕಾನಮನ್‌ಗೆ ಅರ್ಥಶಾಸ್ತ್ರದ ನೊಬೆಲ್ ಬರಲು ಮುಖ್ಯ ಕಾರಣವಾದದ್ದೂ ಅದೇ. ಅದರ ತಿರುಳು ಇಷ್ಟು: ಫಲಿತಾಂಶವನ್ನು ನಾವು ಇದ್ದಂತೆ ಅಳೆಯುವುದಿಲ್ಲ. ಮನಸ್ಸಿನಲ್ಲಿ ಮೊದಲೇ ಒಂದು ಗೆರೆ ಎಳೆದುಕೊಂಡು ಅದರಿಂದ ಮೇಲೋ ಕೆಳಗೋ ಎಂದು ನೋಡುತ್ತೇವೆ. ಗೆರೆಯ ಮೇಲೆ ಹೋದದ್ದು ಕೊಡುವ ಖುಷಿಗಿಂತ, ಅಷ್ಟೇ ಅಂತರದಲ್ಲಿ ಕೆಳಗೆ ಉಳಿದದ್ದರ ನೋವು ಹೆಚ್ಚು. ಹಣಕಾಸಿನ ವಿಚಾರದಲ್ಲಿ ಹುಟ್ಟಿದ ಈ ಮಾತು ಓಟಗಾರರಿಗೂ ಅನ್ವಯಿಸುತ್ತದೆಯೇ ಎಂದು ನೋಡಲು ಎರಿಕ್ ಆಲನ್, ಪೆಟ್ರಿಷಿಯಾ ಡೆಚೊ, ಡೆವಿನ್ ಪೋಪ್, ಜಾರ್ಜ್ ವೂ ಎಂಬ ನಾಲ್ವರು ಸುಮಾರು ಒಂದು ಕೋಟಿ ಮ್ಯಾರಥಾನ್ ಫಲಿತಾಂಶಗಳನ್ನು ಗುಡ್ಡೆ ಹಾಕಿದರು. ಅವರ ಪ್ರಬಂಧ 2017ರಲ್ಲಿ ಪ್ರಕಟವಾಯಿತು.

ಇಷ್ಟೊಂದು ಜನರ ಸಮಯವನ್ನು ನಕ್ಷೆಗೆ ಹಾಕಿದರೆ ನಯವಾದ ಗುಡ್ಡದಂಥ ಆಕಾರ ಬರಬೇಕು. ದೇಹಕ್ಕೆ ಗಡಿಯಾರದ ಸುತ್ತುಸಂಖ್ಯೆಗಳ ಪರಿಚಯವಿಲ್ಲವಲ್ಲ. ಬಂದದ್ದು ಗರಗಸದ ಹಲ್ಲು. ಮೂರು ಗಂಟೆ, ಮೂರೂವರೆ, ನಾಲ್ಕು, ನಾಲ್ಕೂವರೆ, ಪ್ರತಿಯೊಂದರ ಹಿಂದಿನ ಒಂದೆರಡು ನಿಮಿಷದಲ್ಲಿ ಜನ ಕಿಕ್ಕಿರಿದಿದ್ದಾರೆ. ಗೆರೆ ದಾಟಿದ ಮರುನಿಮಿಷದಲ್ಲಿ ಹಠಾತ್ತನೆ ವಿರಳ. ಬಸ್ಸಿನ ಬಾಗಿಲು ಮುಚ್ಚುವ ಮುನ್ನ ನುಗ್ಗಿದವರ ಹಾಗೆ. ಇನ್ನೂ ಸ್ವಾರಸ್ಯವಿರುವುದು ಕೊನೆಯ 2.195 ಕಿಲೋಮೀಟರಿನಲ್ಲಿ. 30 ಕಿಲೋಮೀಟರ್ ದಾಟುವ ಹೊತ್ತಿಗೆ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಬಹುಮಟ್ಟಿಗೆ ಕರಗಿರುತ್ತದೆ, ಕಾಲು ಕಲ್ಲಾಗಿರುತ್ತದೆ, ಹೆಚ್ಚಿನವರ ವೇಗ ಇಳಿಯುತ್ತದೆ. ಆದರೆ ಸ್ವಲ್ಪ ಕಷ್ಟಪಟ್ಟರೆ ನಾಲ್ಕು ಗಂಟೆಯೊಳಗೆ ಮುಗಿಸಬಹುದು ಎಂಬ ಸ್ಥಿತಿಯಲ್ಲಿರುವವರಲ್ಲಿ ಹಲವರು ಅದೇ ಘಳಿಗೆಯಲ್ಲಿ ವೇಗ ಹೆಚ್ಚಿಸುತ್ತಾರೆ! ಅವರಿಗಿಂತ ಸಾಕಷ್ಟು ಮುಂದಿರುವವರಲ್ಲಿ, ಗುರಿ ಕೈಬಿಟ್ಟುಹೋದವರಲ್ಲಿ ಈ ಹುರುಪು ಅಷ್ಟು ಕಾಣುವುದಿಲ್ಲ. ಖಾಲಿಯಾಯಿತು ಅಂದುಕೊಂಡ ಟ್ಯಾಂಕಿನಲ್ಲಿ ಎಲ್ಲೋ ಒಂದಿಷ್ಟು ಇತ್ತೆಂದಾಯಿತು.

ಅದೇ ಜಾರ್ಜ್ ವೂ ಮತ್ತೆ ಬೇರೆ ಸಂಗಡಿಗರ ಜೊತೆ ಸೇರಿ, ಓಟಕ್ಕೆ ಮುಂಚೆ ಗುರಿ ಎಷ್ಟು, ಮುಗಿದ ಮೇಲೆ ಎಷ್ಟು ತೃಪ್ತಿ ಎಂದು ಮ್ಯಾರಥಾನ್ ಓಟಗಾರರನ್ನೇ ಕೇಳಿದರು. ಗುರಿ ತಪ್ಪಿದ್ದರ ಬೇಸರ ಗುರಿ ಮೀರಿದ್ದರ ಸಂತೋಷಕ್ಕಿಂತ ತೀಕ್ಷ್ಣವಾಗಿತ್ತು. ಜೊತೆಗೆ ಗುರಿಯ ಗೆರೆಯ ಮೇಲೆಯೇ ತೃಪ್ತಿ ಒಮ್ಮೆಲೇ ಒಂದು ಮೆಟ್ಟಿಲಿನಷ್ಟು ಜಿಗಿಯುತ್ತಿತ್ತು. 3:59:50ಕ್ಕೂ 4:00:10ಕ್ಕೂ ಶರೀರದ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ ಅನ್ನಬಹುದು. ಷೂ ಲೇಸ್ ಕಟ್ಟಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹೆಮ್ಮೆಯ ಲೆಕ್ಕದಲ್ಲಿ ಇವೆರಡೂ ಬೇರೆ ಬೇರೆ ಊರು. ಕಬ್ಬನ್ ಪಾರ್ಕಿನ ನಮ್ಮ ಎರಡು ಗಂಟೆ ನಾಲ್ಕು ನಿಮಿಷದವರಿಗೆ ಎರಡು ಗೆರೆಗಳಿದ್ದವು: ಹಿಂದಿನ ಪಿಬಿ ಒಂದು, 'ಸಬ್-ಟೂ', ಅಂದರೆ ಎರಡು ಗಂಟೆಯೊಳಗೆ ಮುಗಿಸುವ ಗುರಿ, ಇನ್ನೊಂದು. ಒಂದನ್ನು ದಾಟಿದರು, ಇನ್ನೊಂದರಲ್ಲಿ ಜಾರಿದರು. ಹಾಗಾಗಿ 'ಏನಿಲ್ಲ ಬಿಡಿ' ಅನ್ನುವುದೂ ನಿಜ, ಫೋನ್ ತೆಗೆಯುವುದೂ ನಿಜ.

ಮನಸ್ಸು ಎಳೆದುಕೊಳ್ಳುವ ಗೆರೆಯ ಅತಿ ಪ್ರಸಿದ್ಧ ಉದಾಹರಣೆ ಪದಕ ಪೀಠದ ಮೇಲಿನದು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳಲ್ಲಿ ಬೆಳ್ಳಿ, ಕಂಚು ಗೆದ್ದವರ ಮುಖಭಾವವನ್ನು ಅಳೆಸಿದಾಗ ಕಂಚಿನವರೇ ಹೆಚ್ಚು ಖುಷಿಯಾಗಿ ಕಂಡರು. ಫಲಿತಾಂಶ ತಿಳಿದ ಕ್ಷಣದಲ್ಲಿ ಹತ್ತಕ್ಕೆ ಬೆಳ್ಳಿಯವರಿಗೆ 4.8, ಕಂಚಿನವರಿಗೆ 7.1. ಬೆಳ್ಳಿ ಗೆದ್ದವನ ಕಣ್ಣು ಚಿನ್ನದ ಮೇಲೆ, ಕಂಚು ಗೆದ್ದವನ ಕಣ್ಣು ಬರಿಗೈಯಲ್ಲಿ ಹೋಗುತ್ತಿರುವ ನಾಲ್ಕನೆಯವನ ಮೇಲೆ. ಸಂಶೋಧಕರ ವಿವರಣೆ ಇದು.

ಪದಕದ ಆಸೆಯಿಲ್ಲದೆ ಸಾವಿರಾರು ಜನರ ನಡುವೆ ಓಡುವವನಿಗೆ ಪಿಬಿ ಎನ್ನುವುದು ಒಳ್ಳೆಯ ಉಪಾಯ. ಗೆಲ್ಲಬೇಕಾದವನು ಅವನೇ, ಸೋಲಬೇಕಾದವನೂ ಅವನೇ. ಆದರೆ ಈ ಉಪಾಯದ ಒಳಗೇ ಒಂದು ತೊಡಕಿದೆ. ಪಿಬಿ ಬಂದ ಮರುಕ್ಷಣ ಅದೇ ಮುಂದಿನ ಗೆರೆಯಾಗಿ ಕೂರುತ್ತದೆ. ಆಷ್ಟನ್ ಆಂಡರ್ಸನ್ ಮತ್ತು ಈಟನ್ ಗ್ರೀನ್ ಎಂಬ ಸಂಶೋಧಕರು 2018ರಲ್ಲಿ ಇದನ್ನು ಓಟದಲ್ಲಲ್ಲ, ಚೆಸ್‌ನಲ್ಲಿ ತೋರಿಸಿದರು. 13.3 ಕೋಟಿ ಚೆಸ್ ಆಟಗಳನ್ನು ಜಾಲಾಡಿದಾಗ, ಆಟಗಾರರು ತಮ್ಮದೇ ಅತ್ಯುತ್ತಮ ರೇಟಿಂಗ್ ಮುರಿಯಲು ವಿಶೇಷ ಶ್ರಮ ಹಾಕುವುದು ಕಂಡಿತು. ಮುರಿದ ಮೇಲೆ? ಆಟ ನಿಲ್ಲಿಸಿ ಎದ್ದುಹೋಗುವುದು ಹೆಚ್ಚು. ಇನ್ನೊಂದು ಆಟ ಆಡಿದರೆ ಕೈಗೆ ಬಂದದ್ದು ಜಾರೀತೆಂಬ ಭಯ. ಓಟಗಾರನ ಪಿಬಿ ಹಾಗೆ ಜಾರುವುದಿಲ್ಲ, ದಾಖಲೆಯಲ್ಲಿ ಉಳಿಯುತ್ತದೆ. ಆ ಮಟ್ಟಿಗೆ ಅವನು ಅದೃಷ್ಟವಂತ. ಮುಂದಿನ ಸಲ ಎದೆಗೆ ನಂಬರಿನ ಬಿಬ್ ಕಟ್ಟಿಕೊಂಡು ನಿಂತಾಗ ಮಾತ್ರ ಎದುರಾಳಿ ಹಿಂದೆಂದಿಗಿಂತ ಬಲಶಾಲಿ.

ಹೆಮ್ಮೆ ಎಂಬ ಭಾವವನ್ನೇ ಹಿಡಿದು ಕೆಲಸ ಮಾಡಿದವರಲ್ಲಿ ಕೆನಡಾದ ಮನೋವಿಜ್ಞಾನಿ ಜೆಸಿಕಾ ಟ್ರೇಸಿ ಮುಖ್ಯರು. 2004ರ ಅಥೆನ್ಸ್ ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್‌ನ ಜೂಡೊ ಸ್ಪರ್ಧಿಗಳ ಚಿತ್ರಗಳನ್ನು ಅವರು ಡೇವಿಡ್ ಮಾಟ್ಸುಮೊಟೊ ಜೊತೆ ಪರಿಶೀಲಿಸಿದರು. ಗೆದ್ದವರು ತಲೆ ಹಿಂದಕ್ಕೆ ವಾಲಿಸಿ, ಎದೆ ಉಬ್ಬಿಸಿ, ತೋಳೆತ್ತುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದ, ಅಂಥ ಭಂಗಿಯನ್ನು ಯಾರಲ್ಲೂ ನೋಡಿಯೇ ಇರದ ಸ್ಪರ್ಧಿಗಳೂ ಅದನ್ನೇ ಮಾಡುತ್ತಿದ್ದರು. ಫಿನಿಷ್ ಲೈನಿನಲ್ಲಿ ಐದು ಗಂಟೆಯ ಓಟಗಾರನೂ ಕೈ ಎತ್ತುವುದು ಬರೀ ಫೋಟೊಗಾಗಿ ಅಲ್ಲ. ಟ್ರೇಸಿ ಮತ್ತು ರಿಚರ್ಡ್ ರಾಬಿನ್ಸ್ ಇನ್ನೊಂದು ಮಾತು ಹೇಳುತ್ತಾರೆ. 'ನಾನು ಪಟ್ಟ ಶ್ರಮದಿಂದ ಇದು ಬಂತು' ಎಂದುಕೊಂಡಾಗ ಹುಟ್ಟುವ ಹೆಮ್ಮೆಯೇ ಬೇರೆ, 'ನಾನೇ ಅಂಥವನು' ಎಂದುಕೊಂಡಾಗ ಏರುವ ಹೆಮ್ಮೆಯೇ ಬೇರೆ. ಮೊದಲನೆಯದು ಮನುಷ್ಯನನ್ನು ಮತ್ತೆ ಅಭ್ಯಾಸಕ್ಕೆ ಕಳಿಸುತ್ತದೆ. ಎರಡನೆಯದು ಬೀಗಲು ಕಲಿಸುತ್ತದೆ.

ಹೆಮ್ಮೆಗೆ ಶ್ರಮ ಆಧಾರವಾದರೆ, ಆ ಸಮಯದಲ್ಲಿ ನನ್ನ ಪಾಲೆಷ್ಟು ಎಂಬ ತಕರಾರು ಏಳುತ್ತದೆ. ಓಟಗಾರರ ಗುಂಪುಗಳಲ್ಲಿ ಇದು ಮುಗಿಯದ ಜಗಳ. ಕಾರ್ಬನ್ ಪಟ್ಟಿ ಹಾಕಿದ ಷೂಗಳನ್ನೇ ನೋಡಿ. ಕೊಲೊರಾಡೊ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ ನೈಕಿಯ ಅಂಥ ಮಾದರಿಯೊಂದು ಓಟಕ್ಕೆ ತಗಲುವ ಶಕ್ತಿಯನ್ನು ಸರಾಸರಿ ಸುಮಾರು ಶೇಕಡಾ 4ರಷ್ಟು ಉಳಿಸಿತು. 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಷೂ ಅಟ್ಟೆ 40 ಮಿಲಿಮೀಟರ್ ಮೀರಬಾರದೆಂದು ವಿಧಿಸಿತು. ಹಳೆ ಷೂನಲ್ಲಿ ಬಂದ ಪಿಬಿಯೂ ಹೊಸ ಷೂನಲ್ಲಿ ಬಂದ ಪಿಬಿಯೂ ಒಂದೇನಾ? ಇಳಿಜಾರಿನ ಹಾದಿಯದ್ದು? ಬಾಸ್ಟನ್ ಮ್ಯಾರಥಾನ್ ಒಟ್ಟಾರೆ ಇಳಿಯುವ ಹಾದಿ, ಆರಂಭ ಒಂದು ಊರಿನಲ್ಲಿ, ಮುಕ್ತಾಯ ಇನ್ನೊಂದರಲ್ಲಿ. 2011ರಲ್ಲಿ ಜೆಫ್ರಿ ಮುಟಾಯಿ ಅಲ್ಲಿ 2:03:02ರಲ್ಲಿ ಓಡಿದಾಗ, ಅಷ್ಟು ವೇಗವಾಗಿ ಅದುವರೆಗೆ ಯಾರೂ ಮ್ಯಾರಥಾನ್ ಮುಗಿಸಿರಲಿಲ್ಲ. ಆದರೂ ಅದನ್ನು ವಿಶ್ವದಾಖಲೆ ಎಂದು ಒಪ್ಪಲಿಲ್ಲ. ಹವ್ಯಾಸಿಗೆ ದಾಖಲೆ ಒಪ್ಪುವ ಸಮಿತಿಯಿಲ್ಲ, ತನ್ನ ಮನಸ್ಸಾಕ್ಷಿಯೇ ರೆಫರಿ. ಮುಂಬೈಯ ಪೆಡ್ಡರ್ ರಸ್ತೆಯ ಏರು ಹತ್ತಿ ತಂದ ನಾಲ್ಕು ಗಂಟೆಗೂ ತಂಪು ಹವೆಯ ಸಪಾಟು ರಸ್ತೆಯ ನಾಲ್ಕು ಗಂಟೆಗೂ ತಕ್ಕಡಿ ಹಿಡಿಯುವವನು ಅವನೇ.

ಇದಕ್ಕೆ ಸೇರಿದ ಇನ್ನೊಂದು ರಗಳೆ ಕೈಗಡಿಯಾರದ್ದು. ಓಟ ಮುಗಿದಾಗ ಜಿಪಿಎಸ್ ವಾಚು 42.6 ಎಂದು ತೋರಿಸಿದರೆ 'ರೂಟೇ ಉದ್ದ ಇತ್ತು, ನನ್ನ ಪಿಬಿ ಹಾಳಾಯ್ತು' ಎಂದು ಆಯೋಜಕರ ಮೇಲೆ ಹರಿಹಾಯುವವರಿದ್ದಾರೆ. ಪ್ರಮಾಣೀಕೃತ ಹಾದಿಯನ್ನು ಅಳೆಯುವುದು ಸೈಕಲ್ಲಿನ ಮುಂದಿನ ಚಕ್ರಕ್ಕೆ ಸುತ್ತೆಣಿಸುವ ಪುಟ್ಟ ಯಂತ್ರ ಕಟ್ಟಿ, ಪ್ರತಿ ತಿರುವನ್ನೂ ಅತಿ ಹತ್ತಿರದಿಂದ ಹಾಯುತ್ತಾ. ಅಪ್ಪಿತಪ್ಪಿಯೂ ಕಡಿಮೆಯಾಗದಿರಲಿ ಎಂದು ಸಾವಿರಕ್ಕೆ ಒಂದರಷ್ಟು, ಅಂದರೆ ಮ್ಯಾರಥಾನಿಗೆ 42 ಮೀಟರ್, ಹೆಚ್ಚು ಸೇರಿಸುತ್ತಾರೆ. ಜನಜಂಗುಳಿಯಲ್ಲಿ ಎಡಕ್ಕೂ ಬಲಕ್ಕೂ ಸರಿಯುತ್ತಾ, ನೀರಿನ ಟೇಬಲ್ಲಿಗೆ ಅಡ್ಡ ಹಾಯುತ್ತಾ ಓಡಿದವರು ಉಳಿದ ದೂರವನ್ನು ತಾವೇ ಸೇರಿಸಿಕೊಂಡಿರುತ್ತಾರೆ. ವಾಚಿನ ಸ್ವಂತ ತಪ್ಪೆಣಿಕೆಯೂ ಒಂದಿಷ್ಟಿರುತ್ತದೆ.

ಪಿಬಿಗೆ ಕಂಟಕವಾಗುವ ಇನ್ನೊಂದು ಸಂಗತಿ ಪಕ್ಕದವರ ಪಿಬಿ. ನಾವು ನಮ್ಮನ್ನು ಇತರರೊಂದಿಗೆ ಹೋಲಿಸಿಯೇ ಅಳೆಯುತ್ತೇವೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಬರೆದರು. ನಿನ್ನೆಯ ನಮ್ಮೊಂದಿಗೂ ಹೋಲಿಸಿಕೊಳ್ಳುತ್ತೇವೆ ಎಂದು ಸ್ಟ್ಯೂವರ್ಟ್ ಆಲ್ಬರ್ಟ್ 1977ರಲ್ಲಿ ಸೇರಿಸಿದರು. ಇಬ್ಬರದೂ ಸರಿ, ಎರಡೂ ಒಟ್ಟಿಗೆ ನಡೆಯುತ್ತವೆ. ಓಟದ ಆ್ಯಪ್ ತೆರೆದ ಕೂಡಲೇ ಮೊದಲನೆಯದು ಎರಡನೆಯದನ್ನು ನುಂಗಿಹಾಕುತ್ತದೆ. ಈ ಹೋಲಿಕೆಯ ಕಾಟ ತಗ್ಗಿಸಲು ಹೊರಟವರೂ ಇದ್ದಾರೆ. 2004ರಲ್ಲಿ ಲಂಡನ್ನಿನ ಬುಷಿ ಪಾರ್ಕಿನಲ್ಲಿ 13 ಓಟಗಾರರಿಂದ ಆರಂಭವಾದ 'ಪಾರ್ಕ್‌ರನ್' ಎಂಬ ಉಚಿತ ಶನಿವಾರದ 5 ಕಿಲೋಮೀಟರ್ ಓಟ ಇಂದು ಹಲವು ದೇಶಗಳಲ್ಲಿದೆ. 2024ರ ಫೆಬ್ರುವರಿಯಲ್ಲಿ ಅದರ ಆಯೋಜಕರು ಅತಿವೇಗದ ಓಟಗಾರರ ದಾಖಲೆ ಪಟ್ಟಿಗಳನ್ನು ತೆಗೆದುಹಾಕಿದರು. ಹೊಸಬರು ಹೆದರದೆ ಬರಲಿ ಎಂಬುದು ಉದ್ದೇಶ. ದೊಡ್ಡ ಗದ್ದಲವೇ ಆಯಿತು. ಒಬ್ಬೊಬ್ಬರ ಪಿಬಿಯನ್ನು ಮಾತ್ರ ಅವರು ಮುಟ್ಟಲಿಲ್ಲ, ಕೆಲವು ಕಡೆ ಪಿಬಿ ಬಂದವರು ಬಾರಿಸಲೆಂದು ಗಂಟೆಯೂ ಇದೆ. ನನಗೇನೋ ಅದು ಸರಿಯಾದ ವಿಂಗಡಣೆ ಎನಿಸುತ್ತದೆ, ಆದರೆ ವೇಗಿಗಳ ಸಿಟ್ಟೂ ಅರ್ಥವಾಗುತ್ತದೆ.

ಇಷ್ಟೆಲ್ಲ ನೋವು ತಿಂದು ಮತ್ತೆ ಯಾಕೆ ಹೆಸರು ನೋಂದಾಯಿಸುತ್ತಾರೆ ಎನ್ನುವುದಕ್ಕೆ ಪೋಲೆಂಡಿನ ಮನೋವಿಜ್ಞಾನಿ ಪ್ರಝೆಮಿಸ್ವಾವ್ ಬಾಂಬೆಲ್ ಕೊಟ್ಟ ಸುಳಿವು ಚಿಕ್ಕದು, ಚೊಕ್ಕದು. 2012ರ ಕ್ರಾಕೋವ್ ಮ್ಯಾರಥಾನ್ ಮುಗಿಸಿದ 62 ಜನರನ್ನು ಅಲ್ಲೇ ನಿಲ್ಲಿಸಿ ನೋವು ಎಷ್ಟಿದೆ ಎಂದು ಕೇಳಿದರು. ಮೂರು ಅಥವಾ ಆರು ತಿಂಗಳ ನಂತರ, ಅಂದು ಎಷ್ಟಿತ್ತು ಎಂದು ಮತ್ತೆ ಕೇಳಿದರು. ನೆನಪಿನ ನೋವು ನಿಜವಾದ ನೋವಿಗಿಂತ ಕಡಿಮೆ ಬಂತು. ಟೈಮಿಂಗ್ ಸೆಕೆಂಡಿನವರೆಗೂ ನೆನಪಿರುತ್ತದೆ, ನೋವು ಸವೆಯುತ್ತದೆ.

ಆದರೆ ಒಂದು ದಿನ ಪಿಬಿ ಮತ್ತೆ ಬರುವುದಿಲ್ಲ. ದೇಹ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇಕಡಾ ಹತ್ತರಷ್ಟು ಇಳಿಯುತ್ತಾ ಬರುತ್ತದೆ. ಬಿಡದೆ ಅಭ್ಯಾಸ ಮಾಡುವವರಲ್ಲಿ ಇಳಿಕೆ ನಿಧಾನ, ನಿಲ್ಲುವುದಂತೂ ಇಲ್ಲ. ನಲವತ್ತಕ್ಕೆ ಓಟ ಶುರು ಮಾಡಿದವರು ಈ ವಿಷಯದಲ್ಲಿ ಲಾಭದಲ್ಲಿದ್ದಾರೆ. ತರಬೇತಿಯ ಏರಿಕೆ ವಯಸ್ಸಿನ ಇಳಿಕೆಯನ್ನು ಹಲವು ವರ್ಷ ಮೀರಿಸುವುದರಿಂದ ಐವತ್ತರಲ್ಲೂ ಅವರಿಗೆ ಪಿಬಿ ಬರುತ್ತದೆ. ಕಾಲೇಜಿನಲ್ಲೇ ವೇಗವಾಗಿ ಓಡಿದವರಿಗೆ ಆ ಭಾಗ್ಯವಿಲ್ಲ.

ಇದಕ್ಕೆ ಹಿರಿಯ ಓಟಗಾರರ ವಲಯ ಕಂಡುಕೊಂಡ ದಾರಿ ವಯಸ್ಸಿಗೆ ತಕ್ಕ ಶೇಕಡಾವಾರು. ಆಯಾ ವಯಸ್ಸಿಗೆ, ಲಿಂಗಕ್ಕೆ ನಿಗದಿಯಾದ ವಿಶ್ವಮಟ್ಟದ ಸಮಯವನ್ನು ನಿಮ್ಮ ಸಮಯದಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ. ಅರವತ್ತು ದಾಟಿದರೆ ಊರಮಟ್ಟಕ್ಕೆ ಒಳ್ಳೆಯದು, ಎಂಬತ್ತು ದಾಟಿದರೆ ರಾಷ್ಟ್ರಮಟ್ಟ, ತೊಂಬತ್ತು ದಾಟಿದರೆ ವಿಶ್ವಮಟ್ಟ. ಕೆನಡಾದ ಎಡ್ ವಿಟ್ಲಾಕ್ ತಮ್ಮ ಜೀವನದ ಪಿಬಿಯನ್ನು, 2 ಗಂಟೆ 31 ನಿಮಿಷವನ್ನು, 1979ರಲ್ಲಿ 48ನೇ ವಯಸ್ಸಿನಲ್ಲಿ ಓಡಿದ್ದರು. 2004ರಲ್ಲಿ 73ನೇ ವಯಸ್ಸಿನಲ್ಲಿ ಟೊರಾಂಟೊದಲ್ಲಿ 2:54:48ರಲ್ಲಿ ಮುಗಿಸಿದರು. ಗಡಿಯಾರದ ಪ್ರಕಾರ 23 ನಿಮಿಷ ಹಿಂದೆ. ವಯಸ್ಸಿನ ಕೋಷ್ಟಕಕ್ಕೆ ಹಾಕಿದರೆ ಅಂದಿನ ವಿಶ್ವದಾಖಲೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಮನೆ ಹತ್ತಿರದ ಸಣ್ಣ ಸ್ಮಶಾನದ ಹಾದಿಯಲ್ಲಿ ತಾಸುಗಟ್ಟಲೆ ಸುತ್ತು ಹೊಡೆದು ಅವರು ತರಬೇತಿ ಪಡೆಯುತ್ತಿದ್ದರು. ಓಟದ ಅಮಲು ಗಿಮಲು ತನಗೆ ತಟ್ಟುವುದಿಲ್ಲ, ಅಭ್ಯಾಸ ಬೇಸರವೇ, ತಾನು ಓಡುವುದು ಫಲಿತಾಂಶಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದ ಮನುಷ್ಯ. 2016ರಲ್ಲಿ 85ನೇ ವಯಸ್ಸಿನಲ್ಲೂ ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದರು. ಆ ವಯಸ್ಸಿನಲ್ಲಿ ಅದನ್ನು ಮಾಡಿದವರು ಅದುವರೆಗೆ ಯಾರೂ ಇರಲಿಲ್ಲ.