ಕಾಟಾ ಕೆಂಪಿಗೆ ಏರಿದಾಗ

ಕಳೆದ ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನ ಸೊಲ್ಲಾಪುರದ ನ್ಯಾಯಾಲಯದ ಕೆಲಸ ಮುಗಿಸಿಕೊಂಡು ಅಕ್ಕಲಕೋಟೆಗೆ ಕಾರಿನಲ್ಲಿ ಮರಳುತ್ತಿದ್ದೆ. ವಳಸಂಗ ದಾಟುವಷ್ಟರಲ್ಲಿ ಎಂಜಿನ್ನಿನ ಉಷ್ಣತೆ ತೋರಿಸುವ ಕಾಟಾ ಕೆಂಪು ಗೆರೆಯನ್ನು ಮುಟ್ಟಿತ್ತು. ಊರು ಇನ್ನೇನು ಬಂದೇ ಬಿಟ್ಟಿತೆಂದು ಬಗೆದು ಹಾಗೆಯೇ ಓಡಿಸಿದೆ. ಊರ ಹೊರಗೆ ಬಾನೆಟ್ಟಿನಿಂದ ಹಬೆ ಎದ್ದು, ಎಂಜಿನ್ ತಾನಾಗಿಯೇ ನಿಂತಿತು.

"ಸಾಹೇಬ್ರ, ಕಾಟಾ ಏರಿದ್ದು ನೋಡಲಿಲ್ಲೇನ್ರಿ?" ಎಂದು ಮಿಸ್ತ್ರಿ ಕೇಳಿದರು. ನೋಡಿದ್ದೆ. ನೋಡಿಯೂ ನಿಲ್ಲಿಸದವನಿಗೆ ವಾದಿಸಲು ಏನೂ ಉಳಿದಿರಲಿಲ್ಲ. ಒಡೆದದ್ದು ಕೆಲವೇ ನೂರು ರೂಪಾಯಿಯ ರಬ್ಬರ್ ಪೈಪು; ಕೆಟ್ಟದ್ದು ಸಿಲಿಂಡರ್ ಹೆಡ್. ನನ್ನ ಎರಡು ತಿಂಗಳ ಗಳಿಕೆ ಅದಕ್ಕೆ ಸಂದಿತು.

ಇಂದಿನ ಬಹುತೇಕ ಕಾರುಗಳಲ್ಲಿ ಈ ಹೆಡ್ ಅಲ್ಯೂಮಿನಿಯಮ್ಮಿನದು. ಮಿತಿಮೀರಿ ಕಾದರೆ ಅದು ಸೊಟ್ಟಗಾಗುತ್ತದೆ, ಕೆಳಗಿನ ಗ್ಯಾಸ್ಕೆಟ್ ಸುಡುತ್ತದೆ, ಕೂಲಂಟ್ ಆಯಿಲ್‌ನೊಳಗೆ ಸೇರುತ್ತದೆ. ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಈ ಅನಾಹುತ ಆಗಲೇ ನಡೆದಿರಬಹುದೆಂದು ತಿಳಿಯಬೇಕು. ಕಾಟಾ ಏರಿದೊಡನೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದೊಂದೇ ದಾರಿ. ಹೊಸ ಕಾರುಗಳಲ್ಲಿ ಕೆಲವಕ್ಕೆ ಕಾಟಾವೇ ಇಲ್ಲ, ಬರೀ ಒಂದು ಕೆಂಪು ದೀಪ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಲಾಗದು. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ನಮ್ಮ ಭಾಗದಲ್ಲಿ ಕೂಲಂಟಿನ ಬದಲು ಬೋರಿನ ನೀರು ಸುರಿಯುವ ರೂಢಿಯಿದೆ. ಸ್ನಾನದ ನೀರು ಕಾಯಿಸುವ ಹಂಡೆಯ ಒಳಮೈ ಕಂಡವರಿಗೆ ಈ ನೀರಿನ ಗುಣವನ್ನು ಹೇಳಬೇಕಾಗಿಲ್ಲ. ಅದೇ ಬಿಳಿಯ ಸುಣ್ಣ ರೇಡಿಯೇಟರಿನ ಸಣ್ಣ ನಳಿಗೆಗಳನ್ನೂ ಕಟ್ಟುತ್ತದೆ. ಕೂಲಂಟ್ ತುಕ್ಕನ್ನು ತಡೆಯುತ್ತದೆ, ನೀರಿಗಿಂತ ಹೆಚ್ಚಿನ ಉಷ್ಣತೆಯಲ್ಲಿ ಕುದಿಯುತ್ತದೆ.

ಎಂಜಿನ್ ಆಯಿಲ್‌ನ ಪರೀಕ್ಷೆ ಇನ್ನೂ ಸುಲಭ. ಸಮತಟ್ಟಾದ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಐದಾರು ನಿಮಿಷ ಬಿಟ್ಟು, ಅಳತೆಯ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಸಾಕು. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಮೇಲಿನ ಗುರುತನ್ನು ಮೀರಿದರೂ ಕೇಡೇ. ಅನೇಕ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಬದಲಿಸುವ ಗಡುವು. ತಮ್ಮ ಗಾಡಿಯ ಗಡುವು ಅದರ ಕೈಪಿಡಿಯಲ್ಲಿರುತ್ತದೆ. ಏರ್ ಫಿಲ್ಟರಿನ ಮಾತೂ ಅಷ್ಟೇ, ನಮ್ಮ ಧೂಳಿನ ರಸ್ತೆಗಳಿಗೆ ಗಡುವಿಗಿಂತ ಮುಂಚೆಯೇ.

ವಿಮೆ ಇದೆಯಲ್ಲ ಎನ್ನುವವರಿಗೆ ವಕೀಲನಾಗಿ ಒಂದು ಮಾತು. ಸಾಮಾನ್ಯ ಮೋಟಾರು ಪಾಲಿಸಿಯು ಅಪಘಾತದ ಹಾನಿಯನ್ನು ತುಂಬಿಕೊಡುತ್ತದೆಯೇ ಹೊರತು ಸವೆತವನ್ನೂ ಯಾಂತ್ರಿಕ ಕೆಡುಕನ್ನೂ ಸ್ಪಷ್ಟವಾಗಿ ಹೊರಗಿಡುತ್ತದೆ. ನನ್ನ ಅರ್ಜಿಯನ್ನು ನಾನು ಸಲ್ಲಿಸಲೇ ಇಲ್ಲ. ವಾರಂಟಿಯ ಅವಧಿಯಲ್ಲಿದ್ದರೆ ಸರ್ವಿಸಿನ ಪ್ರತಿಯೊಂದು ಬಿಲ್ಲನ್ನೂ ಕಾದಿಡಿ. ಗ್ಯಾರೇಜಿನವರ ತಪ್ಪಿನಿಂದ ಎಂಜಿನ್ ಕೆಟ್ಟಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷಗಳೊಳಗೆ ದೂರು ಕೊಡಬಹುದು. ಆದರೆ ಬಾಯಿಮಾತಿನ ದುರಸ್ತಿಗೆ, ಚೀಟಿಯಿಲ್ಲದ ಹಣಕ್ಕೆ ಆಯೋಗದ ಮುಂದೆ ಏನನ್ನು ತೋರಿಸುವಿರಿ?

ನಮ್ಮ ಕನ್ನಡ ಶಾಲೆಗಳಿಗೆ ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ತರುವ ಗಾಡಿಗಳಲ್ಲಿ ಹಳೆಯವು ಬಹಳ. ಒಂದರ ಎಂಜಿನ್ ಕುಳಿತರೆ ಅದರ ಮಾಲಕನ ಹೊಟ್ಟೆಪಾಡು ನಿಲ್ಲುತ್ತದೆ. ಹತ್ತಾರು ಮಕ್ಕಳು ಶಾಲೆ ತಪ್ಪಿಸುತ್ತಾರೆ, ಇಲ್ಲವೆ ಹತ್ತಿರದ ಬೇರೆ ಮಾಧ್ಯಮದ ಶಾಲೆಯತ್ತ ಪಾಲಕರ ಮನಸ್ಸು ಹೊರಳುತ್ತದೆ. ತಿಂಗಳ ಬಾಡಿಗೆ ಕೊಡುವ ದಿನ ಆಯಿಲ್ ಯಾವಾಗ ಬದಲಿಸಿದಿರಿ ಎಂದು ಚಾಲಕರನ್ನು ವಿಚಾರಿಸಿ. ಅವರಲ್ಲಿ ದುಡ್ಡಿನ ಅಡಚಣೆಯಿದ್ದರೆ ಆ ತಿಂಗಳ ಬಾಡಿಗೆಯನ್ನು ನಾಲ್ಕು ದಿನ ಮೊದಲೇ ಕೊಡಿ.