ಕೆಸರು ಕಲಿಸಿದ ಬೂಟು

ಫುಟ್‌ಬಾಲ್ ಬೂಟನ್ನು ಬುಡಮೇಲು ಮಾಡಿ ನೋಡಬೇಕು. ಬಣ್ಣ, ಲೇಸು, ಕಂಪನಿಯ ಗುರುತು ಎಲ್ಲ ಮೇಲೆ. ಅದರ ಚರಿತ್ರೆ ಇರುವುದು ಅಟ್ಟೆಯಲ್ಲಿ.

ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ 1526ರಲ್ಲಿ ನಾಲ್ಕು ಶಿಲ್ಲಿಂಗ್ ಕೊಟ್ಟು ಚೆಂಡಾಟಕ್ಕೆಂದೇ ಒಂದು ಜೊತೆ ಬೂಟು ಮಾಡಿಸಿಕೊಂಡದ್ದು ಅರಮನೆಯ ಲೆಕ್ಕಪತ್ರದಲ್ಲಿದೆ. ಮೂರು ಶತಮಾನ ಕಳೆದ ಮೇಲೂ ಅಲ್ಲಿನ ಕಾರ್ಮಿಕರು ಆಡುತ್ತಿದ್ದದ್ದು ಕೆಲಸಕ್ಕೆ ತೊಟ್ಟ ಬೂಟಿನಲ್ಲೇ. ಚಳಿಗಾಲದ ಒದ್ದೆ ನೆಲದಲ್ಲಿ ಜಾರದಿರಲೆಂದು ಅಟ್ಟೆಗೆ ಮೊಳೆ ಹೊಡೆದುಕೊಂಡರೆ, ಗಾಯವಾಗುತ್ತಿದ್ದದ್ದು ಎದುರಾಳಿಯ ಕಾಲಿಗೆ. ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಬರೆದ ಹದಿಮೂರು ನಿಯಮಗಳಲ್ಲಿ ಕೊನೆಯದು ಬೂಟಿನದ್ದೇ: ಹೊರಚಾಚಿದ ಮೊಳೆ, ಕಬ್ಬಿಣದ ತಗಡು, ಗಟ್ಟಾಪರ್ಚಾ ಎಂಬ ರಬ್ಬರಿನಂಥ ಗಟ್ಟಿ ಅಂಟು ಯಾವುದೂ ಕೂಡದು.

ಮುಂದೆ ಚರ್ಮದ ಸ್ಟಡ್‌ಗಳಿಗೆ ಒಪ್ಪಿಗೆ ಸಿಕ್ಕಿತು. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದಿಟ್ಟು ಸಣ್ಣ ಮೊಳೆಗಳಿಂದ ಅಟ್ಟೆಗೆ ಬಡಿಯುತ್ತಿದ್ದರು. ಚರ್ಮ ಸವೆದಂತೆ ಮೊಳೆಯ ತಲೆ ಹೊರಗೆ ಇಣುಕುತ್ತಿತ್ತು. ಒಮ್ಮೊಮ್ಮೆ ಒಳಗೆ ನುಗ್ಗಿ ತೊಟ್ಟವನ ಅಂಗಾಲಿಗೇ ಚುಚ್ಚುತ್ತಿತ್ತು. ಕಣಕಾಲು ಮುಚ್ಚುವ ಆ ದಪ್ಪ ಬೂಟು ಮಳೆಗೆ ನೀರು ಕುಡಿದು ಇನ್ನಷ್ಟು ಭಾರವಾಗುತ್ತಿತ್ತು.

1954ರ ಜುಲೈ 4ರಂದು ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ವಿಶ್ವಕಪ್ ಫೈನಲ್. ಪಶ್ಚಿಮ ಜರ್ಮನಿಯ ಎದುರಿಗಿದ್ದ ಹಂಗೆರಿ, ಅದೇ ಟೂರ್ನಿಯ ಗುಂಪು ಹಂತದಲ್ಲಿ ಜರ್ಮನರನ್ನು 8–3ರಿಂದ ಬಡಿದಿತ್ತು. ಅಂದು ಮಳೆ. ಜರ್ಮನ್ ತಂಡದ ಜೊತೆಗಿದ್ದ ಆಡಿ ಡಾಸ್ಲರ್, ಅಡಿಡಾಸ್ ಸ್ಥಾಪಕ, ತಾಯಿ ಬಟ್ಟೆ ಒಗೆಯುತ್ತಿದ್ದ ಕೋಣೆಯಲ್ಲಿ ಶೂ ಹೊಲಿಯಲು ಶುರುಮಾಡಿದವನು. ತಿರುಪಿ ಕೂರಿಸುವ ಸ್ಟಡ್‌ಗಳು ಅವನ ಬಳಿ ಇದ್ದವು. ನೆಲ ಗಟ್ಟಿಯಿದ್ದರೆ ಗಿಡ್ಡನೆಯವು, ಕೆಸರಾದರೆ ಉದ್ದನೆಯವು. ಅಂದು ಉದ್ದನೆಯವನ್ನೇ ಬಿಗಿದರು. ಎಂಟೇ ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟಿದ್ದ ತಂಡ 3–2ರಿಂದ ಗೆದ್ದಿತು. ಗೆಲುವೆಲ್ಲ ಬೂಟಿನದೇ ಎಂದರೆ ಎರಡು ಗೋಲು ಹೊಡೆದ ಹೆಲ್ಮುಟ್ ರಾನ್‌ಗೆ ಅನ್ಯಾಯವಾದೀತು. ಆದರೆ ನೆಲ ನೋಡಿ ಅಟ್ಟೆ ಬದಲಿಸಬಹುದೆಂಬುದು ಜಗತ್ತಿಗೆಲ್ಲ ಮನದಟ್ಟಾದದ್ದು ಆ ಸಂಜೆಯೇ. ಇಂಥ ಸ್ಟಡ್ ಮೊದಲು ಮಾಡಿದ್ದು ತಾನೆಂದು ಆಡಿಯ ಅಣ್ಣ ರುಡಾಲ್ಫ್ ಕಟ್ಟಿದ ಪ್ಯೂಮಾ ವಾದಿಸಿತು. ಪಾಲಾದ ಅಣ್ಣತಮ್ಮಂದಿರ ಆ ಎರಡೂ ಕಂಪನಿಗಳು ಒಂದೇ ಊರಿನವು.

ಬೂಟಿನ ಮೇಲ್ಭಾಗ ಬರಬರುತ್ತಾ ಹಗುರಾಯಿತು. ಲಿವರ್‌ಪೂಲಿನ ಮಾಜಿ ಆಟಗಾರ ಕ್ರೇಗ್ ಜಾನ್‌ಸ್ಟನ್‌ರ ಕಲ್ಪನೆಯಂತೆ ಚೆಂಡಿಗೆ ಹಿಡಿತ ಸಿಗಲೆಂದು ರಬ್ಬರ್ ಪಟ್ಟಿ ಅಂಟಿಸಿದ 'ಪ್ರಿಡೇಟರ್' 1994ರಲ್ಲಿ ಬಂತು. ಚರ್ಮದ ಜಾಗಕ್ಕೆ ಸಿಂಥೆಟಿಕ್, ಆಮೇಲೆ ನೂಲಿನ ಹೆಣಿಗೆ ಬಂದವು.

ನಮ್ಮವರಿಗೆ ಬಹುಕಾಲ ಬರಿಗಾಲೇ ಬೂಟು. 1911ರಲ್ಲಿ ಕೋಲ್ಕತ್ತದ ಮೋಹನ್ ಬಾಗಾನ್ ಬ್ರಿಟಿಷ್ ಸೈನಿಕರ ತಂಡವನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಾಗ ಹನ್ನೊಂದು ಜನರಲ್ಲಿ ಬೂಟು ತೊಟ್ಟಿದ್ದವರು ಒಬ್ಬರೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ ಹೆಚ್ಚಿನವರದು ಬರಿಗಾಲು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಮೈಸೂರು ಸಂಸ್ಥಾನದ ಆಟಗಾರ ಸಾರಂಗಪಾಣಿ ರಾಮನ್ ಅವರದು. 1952ರ ಒಲಿಂಪಿಕ್ಸ್‌ನಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10–1ರಿಂದ ಸೋಲಿಸಿತು. ಅಲ್ಲಿ ಭಾರತದ ಒಂದೇ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಆ ಸೋಲಿನ ಬಳಿಕ ಭಾರತದ ಫುಟ್‌ಬಾಲ್ ಫೆಡರೇಷನ್ ಬೂಟನ್ನು ಕಡ್ಡಾಯ ಮಾಡಿತು. ಬರಿಗಾಲ ಆಟವನ್ನು ಹಿಂದುಳಿದಿರುವಿಕೆ ಎಂದು ಕರೆಯಲು ನನಗೆ ಮನಸ್ಸಿಲ್ಲ. ಒಣಗಿದ ಗಟ್ಟಿ ನೆಲದಲ್ಲಿ ಚೆಂಡಿನ ಸ್ಪರ್ಶವನ್ನು ಬೆರಳಲ್ಲೇ ಅರಿತು ಆಡಿದ ಅದು ಪಳಗಿದ ವಿದ್ಯೆ. ತಣ್ಣಗಿನ, ಒದ್ದೆ ಹುಲ್ಲಿಗೆ ಅದು ಹೊಂದಲಿಲ್ಲ, ಅಷ್ಟೇ.

ಈಗ ಬೆಂಗಳೂರಿನ ಹುಡುಗ ಹುಡುಗಿಯರು 'ಸ್ಟಡ್ಸ್' ಕೊಳ್ಳಲು ಅಂಗಡಿಗೆ ಹೋದರೆ ಬಣ್ಣಕ್ಕಿಂತ ಮೊದಲು ಕೇಳಬೇಕಾದ್ದು ಅಟ್ಟೆ ಯಾವುದೆಂದು. ಎಫ್‌ಜಿ ಗಟ್ಟಿ ನೆಲದ ಹುಲ್ಲಿಗೆ, ಎಸ್‌ಜಿ ಮೆತ್ತನೆಯ ಕೆಸರಿಗೆ, ಎಜಿ ಕೃತಕ ಹುಲ್ಲಿಗೆ. ಕೃತಕ ಹುಲ್ಲಿನಲ್ಲಿ ಉದ್ದನೆಯ ಸ್ಟಡ್ ಸಿಕ್ಕಿಕೊಂಡರೆ ಪಾದ ನಿಂತಲ್ಲೇ ನಿಂತು ಮಂಡಿ ತಿರುಚಿಕೊಳ್ಳುವ ಭಯವಿದೆ. ಅದಕ್ಕೇ ಎಜಿ ಅಟ್ಟೆಯಲ್ಲಿ ಗಿಡ್ಡನೆಯ ಸ್ಟಡ್‌ಗಳು ಹೆಚ್ಚು ಸಂಖ್ಯೆಯಲ್ಲಿರುತ್ತವೆ. ಭಾರ ಹಂಚಿಹೋಗಿ ಕಾಲು ಸಲೀಸಾಗಿ ತಿರುಗುತ್ತದೆ.