ರಕ್ತದ ತವರುಮನೆ: ಅಸ್ಥಿಮಜ್ಜೆ ಮತ್ತು ಅದರ ವ್ಯಾಧಿಗಳು

ಮೂಳೆಯೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕಲ್ಲಿನಂತೆ ಗಡುಸಾದ, ಜಡವಾದ ಒಂದು ವಸ್ತು. ಮನೆಗೆ ಕಂಬವಿದ್ದಂತೆ ದೇಹಕ್ಕೆ ಮೂಳೆ. ಭಾರ ಹೊರುವುದಷ್ಟೇ ಅದರ ಕೆಲಸವೆಂದು ಬಹುಮಂದಿ ಭಾವಿಸಿದ್ದಾರೆ. ಆದರೆ ಆ ಗಡುಸಾದ ಕವಚದೊಳಗೆ, ಜೇನುಗೂಡಿನಂಥ ಸೂಕ್ಷ್ಮ ರಂಧ್ರಗಳಲ್ಲಿ, ಮೃದುವಾದ ಮಜ್ಜೆ ತುಂಬಿಕೊಂಡಿದೆ. ಆಯುರ್ವೇದಾಚಾರ್ಯರು ಸಪ್ತಧಾತುಗಳನ್ನು ಎಣಿಸುವಾಗ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿಗಳ ತರುವಾಯ ಮಜ್ಜೆಗೆ ಆರನೆಯ ಸ್ಥಾನವನ್ನಿತ್ತರು. ಆಧುನಿಕ ವೈದ್ಯಶಾಸ್ತ್ರವು ಈ ಕ್ರಮವನ್ನು ತಿರುಗಿಸಿ ನೋಡಿತು. ರಕ್ತಕಣಗಳು ಹುಟ್ಟುವುದೇ ಮಜ್ಜೆಯಲ್ಲಿ. ಅದೇ ರಕ್ತದ ತವರುಮನೆ.

ಈ ಸತ್ಯವು ತಿಳಿದುಬಂದುದು 1868ರಲ್ಲಿ. ಪ್ರಷ್ಯಾದ ಅರ್ನ್ಸ್ಟ್ ನಾಯ್ಮನ್ ಮತ್ತು ಇಟಲಿಯ ಜೂಲಿಯೊ ಬಿಜ್ಜೊಜೆರೊ ಎಂಬಿಬ್ಬರು ವಿಜ್ಞಾನಿಗಳು ಮೂಳೆಯಿಂದ ತೆಗೆದ ಮಜ್ಜೆಯನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ, ಅಲ್ಲಿ ಇನ್ನೂ ಬಲಿಯದ ಕೆಂಪು ಕಣಗಳನ್ನು ಕಂಡರು. ಅಲ್ಲಿಯವರೆಗೆ ಮಜ್ಜೆಯ ಕೆಲಸವೇನೆಂಬುದನ್ನು ಯಾರೂ ಸರಿಯಾಗಿ ಅರಿತಿರಲಿಲ್ಲ.

ಹಗಲಿರುಳೂ ನಡೆಯುವ ಕಾರ್ಖಾನೆ

ಹಸುಗೂಸಿನ ಎಲ್ಲ ಮೂಳೆಗಳಲ್ಲಿಯೂ ಕೆಂಪು ಮಜ್ಜೆಯಿರುತ್ತದೆ. ವಯಸ್ಸಾದಂತೆ ಕೈಕಾಲುಗಳ ನೀಳವಾದ ಮೂಳೆಗಳಲ್ಲಿ ಕೊಬ್ಬು ಸೇರಿ ಅದು ಹಳದಿಯಾಗುತ್ತದೆ. ಪ್ರಾಯದವರಲ್ಲಿ ರಕ್ತವು ತಯಾರಾಗುವುದು ಮುಖ್ಯವಾಗಿ ಸೊಂಟದ ಮೂಳೆ, ಬೆನ್ನೆಲುಬು, ಎದೆಯ ಮೂಳೆ, ಪಕ್ಕೆಲುಬು ಮತ್ತು ತಲೆಬುರುಡೆಗಳಲ್ಲಿ.

ಈ ಕಾರ್ಖಾನೆಯಿಂದ ಹೊರಬೀಳುವ ಸರಕು ಮೂರು ಬಗೆಯದು. ಕೆಂಪು ಕಣಗಳು ಆಮ್ಲಜನಕವನ್ನು ಹೊರುತ್ತವೆ. ಬಿಳಿಯ ಕಣಗಳು ರೋಗಾಣುಗಳೊಡನೆ ಕಾದಾಡುತ್ತವೆ. ಪ್ಲೇಟ್‌ಲೆಟ್‌ ಎಂಬ ಪುಟ್ಟ ಬಿಲ್ಲೆಗಳು ಗಾಯವಾದಲ್ಲಿ ಸೇರಿ ರಕ್ತಸ್ರಾವವನ್ನು ತಡೆಯುತ್ತವೆ. ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಪ್ಲೇಟ್‌ಲೆಟ್ಟಿನದು ಏಳರಿಂದ ಹತ್ತು ದಿನ. ಸತ್ತವುಗಳ ಜಾಗಕ್ಕೆ ಹೊಸವು ಬರುತ್ತಲೇ ಇರಬೇಕು. ಕೆಂಪು ಕಣಗಳೊಂದೇ ದಿನಕ್ಕೆ ಸುಮಾರು 20,000 ಕೋಟಿ ತಯಾರಾಗಬೇಕೆಂದರೆ ಈ ಕಾರ್ಖಾನೆಯ ಸಾಮರ್ಥ್ಯವನ್ನು ವಾಚಕರೇ ಊಹಿಸಬಹುದು. ಈ ಮೂರು ಬಗೆಯ ಕಣಗಳಿಗೂ ಬೀಜಪ್ರಾಯವಾದುದು ಮಜ್ಜೆಯ ಮೂಲಕೋಶ.

ಮಜ್ಜೆ ಬರಿದಾದಾಗ

ಈ ಕೋಶಗಳು ನಾಶವಾಗಿ ಮಜ್ಜೆಯಲ್ಲಿ ಬರಿಯ ಕೊಬ್ಬು ಉಳಿಯುವ ಸ್ಥಿತಿಗೆ ‘ಎಪ್ಲಾಸ್ಟಿಕ್ ಅನೀಮಿಯಾ’ ಎಂದು ಹೆಸರು. ಜರ್ಮನಿಯ ಪಾಲ್ ಎರ್ಲಿಕ್ ಇದನ್ನು 1888ರಲ್ಲಿ ಮೊದಲಿಗೆ ವರ್ಣಿಸಿದನು. ರೇಡಿಯಂ ಧಾತುವನ್ನು ಜಗತ್ತಿಗೆ ನೀಡಿದ ಮೇರಿ ಕ್ಯೂರಿ 1934ರಲ್ಲಿ ತೀರಿಕೊಂಡುದು ಇದೇ ವ್ಯಾಧಿಯಿಂದ. ವಿಕಿರಣ, ಬೆಂಜೀನ್, ಕೆಲವು ಔಷಧಿಗಳು ಮತ್ತು ಕೆಲವು ವೈರಸ್ಸುಗಳು ಇದಕ್ಕೆ ಕಾರಣವಾಗಬಲ್ಲವು. ಆದರೆ ಬಹಳ ಮಂದಿ ರೋಗಿಗಳಲ್ಲಿ ದೇಹವನ್ನು ಕಾಯಬೇಕಾದ ಬಿಳಿಯ ಕಣಗಳೇ ಮೂಲಕೋಶಗಳ ಮೇಲೆ ತಿರುಗಿ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನು ಕಾಯುವವರಾರು? ಇಂದು ಈ ದಾಳಿಯನ್ನು ತಗ್ಗಿಸುವ ಔಷಧಿಗಳಿವೆ.

ರಕ್ತದ ಕ್ಯಾನ್ಸರ್ ಅಥವಾ ಲ್ಯುಕೀಮಿಯಾದ ಬಗೆಯೇ ಬೇರೆ. ಇಲ್ಲಿ ಬಲಿಯದ ಬಿಳಿಯ ಕಣಗಳು ಲಂಗುಲಗಾಮಿಲ್ಲದೆ ಹೆಚ್ಚಿ, ಪೈರನ್ನು ಕಳೆ ನುಂಗುವಂತೆ ಉಳಿದೆಲ್ಲ ಕಣಗಳ ಜಾಗವನ್ನು ಆಕ್ರಮಿಸುತ್ತವೆ. ಸಂಖ್ಯೆ ಎಷ್ಟಿದ್ದರೇನು, ಇವು ಕಾದಾಡಲು ಬಾರದ ಸೈನಿಕರು. ವೃದ್ಧಾಪ್ಯದಲ್ಲಿ ಹೆಚ್ಚಾಗಿ ಕಾಣುವ ಮೈಲೋಮಾ ಎಂಬ ಇನ್ನೊಂದು ವ್ಯಾಧಿಯು ಮೂಳೆಗಳನ್ನು ಸವೆಸಿ, ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಬಿಡದ ಬೆನ್ನುನೋವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದರಿಂದಲೇ ಇದು ಎಷ್ಟೋ ವೇಳೆ ತಡವಾಗಿ ಪತ್ತೆಯಾಗುತ್ತದೆ.

ಚಿಕಿತ್ಸೆಯ ಕಥೆ

ಒಂದು ಕಾಲದಲ್ಲಿ ಮಕ್ಕಳಿಗೆ ಲ್ಯುಕೀಮಿಯಾ ಬಂತೆಂದರೆ ತಾಯಿತಂದೆಯರು ಆಸೆ ಬಿಡಬೇಕಾಗಿತ್ತು. 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್, ಅಮಿನಾಪ್ಟೆರಿನ್ ಎಂಬ ಔಷಧಿಯಿತ್ತ 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡರೆಂದು ಪ್ರಕಟಿಸಿದನು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ಮುಚ್ಚಿದ್ದ ಬಾಗಿಲು ತೆರೆಯಿತು. ಆ ಔಷಧಿಯ ಹಿಂದೆ ಆಂಧ್ರದ ಭೀಮವರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾಯರ ಸಂಶೋಧನಾಲಯದ ಶ್ರಮವಿತ್ತೆಂಬುದು ನಮಗೆ ಹೆಮ್ಮೆಯ ಸಂಗತಿ. ಅವರು ಅದೇ ವರ್ಷ ತೀರಿಕೊಂಡರು. ಇಂದು ಮಕ್ಕಳಲ್ಲಿ ಅತಿ ಸಾಮಾನ್ಯವಾದ ಬಗೆಯ ಲ್ಯುಕೀಮಿಯಾಕ್ಕೆ ಸುಸಜ್ಜಿತ ಆಸ್ಪತ್ರೆಗಳಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಇನ್ನೊಂದು ಬಗೆಯ ದೀರ್ಘಕಾಲಿಕ ಲ್ಯುಕೀಮಿಯಾಕ್ಕೆ 2001ರಲ್ಲಿ ಬಳಕೆಗೆ ಬಂದ ಇಮಾಟಿನಿಬ್ ಗುಳಿಗೆಯಿಂದಾಗಿ ಸಾವಿರಾರು ಮಂದಿ ಎಂದಿನಂತೆ ಉದ್ಯೋಗ ಮಾಡಿಕೊಂಡಿದ್ದಾರೆ.

ಔಷಧಿಗೆ ಬಗ್ಗದ ವ್ಯಾಧಿಗೆ ಮಜ್ಜೆಯನ್ನೇ ಬದಲಿಸುವ ಸಾಹಸಕ್ಕೆ ಕೈಹಾಕಿದವನು ಅಮೆರಿಕದ ಡಾಕ್ಟರ್ ಡೊನಾಲ್ ಥಾಮಸ್. 1957ರಲ್ಲಿ ಅವನು ವರದಿ ಮಾಡಿದ ಆರು ಮಂದಿ ರೋಗಿಗಳಲ್ಲಿ ಒಬ್ಬರೂ ನೂರು ದಿನಕ್ಕಿಂತ ಹೆಚ್ಚು ಬದುಕಲಿಲ್ಲ. ಅನೇಕರು ಈ ಮಾರ್ಗವನ್ನು ಕೈಬಿಟ್ಟರು, ಥಾಮಸ್ ಬಿಡಲಿಲ್ಲ. ದಾನಿಯ ಮತ್ತು ರೋಗಿಯ ಕೋಶಗಳು ಹೊಂದುತ್ತವೆಯೇ ಎಂದು ಮೊದಲೇ ಪರೀಕ್ಷಿಸುವ ವಿಧಾನ ಬಂದ ಮೇಲೆ ಅವನ ಪ್ರಯತ್ನ ಫಲಿಸಿತು. 1990ರಲ್ಲಿ ನೊಬೆಲ್ ಪಾರಿತೋಷಿಕವೂ ಸಂದಿತು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1983ರಲ್ಲಿಯೂ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು 1986ರಲ್ಲಿಯೂ ಈ ಚಿಕಿತ್ಸೆಯನ್ನು ಆರಂಭಿಸಿದುವು.

ಚಿಕಿತ್ಸೆಯ ಕ್ರಮ ವಿಚಿತ್ರವಾದುದು. ಮೊದಲು ತೀವ್ರವಾದ ಔಷಧಿಗಳಿಂದ ರೋಗಿಯ ಹಳೆಯ ಮಜ್ಜೆಯನ್ನು ಅಳಿಸುತ್ತಾರೆ. ಬಳಿಕ ದಾನಿಯ ಮೂಲಕೋಶಗಳನ್ನು ರಕ್ತ ಕೊಡುವಂತೆಯೇ ಸಿರೆಯ ಮೂಲಕ ಹನಿಸುತ್ತಾರೆ. ಅವು ತಾವಾಗಿಯೇ ದಾರಿ ಹುಡುಕಿಕೊಂಡು ಮೂಳೆಗಳೊಳಗೆ ನೆಲೆಸಿ ಕೆಲವು ವಾರಗಳಲ್ಲಿ ಹೊಸ ರಕ್ತವನ್ನು ತಯಾರಿಸತೊಡಗುತ್ತವೆ. ಇಬ್ಬರ ರಕ್ತದ ಗುಂಪು ಬೇರೆಯಾಗಿದ್ದರೆ, ಕ್ರಮೇಣ ರೋಗಿಯದು ದಾನಿಯ ಗುಂಪಿಗೆ ತಿರುಗುತ್ತದೆ! ಹೊಸ ಮಜ್ಜೆಯು ರೋಗಿಯ ದೇಹವನ್ನೇ ಪರಕೀಯವೆಂದು ಎಣಿಸಿ ಪೀಡಿಸುವ ಅಪಾಯವೂ ಉಂಟು; ಆದಕಾರಣ ದೀರ್ಘಕಾಲದ ಎಚ್ಚರಿಕೆ ಅವಶ್ಯ.

ದಾನಕ್ಕೆ ಅಂಜಿಕೆಯೇಕೆ?

ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆಯೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು. ಕುಟುಂಬಗಳು ಚಿಕ್ಕವಾದ ಈ ದಿನಗಳಲ್ಲಿ ಮನೆಯೊಳಗೆ ದಾನಿ ಸಿಕ್ಕುವುದು ಕಠಿಣವಾಗಿದೆ. ಆಗ ಅರ್ಧ ಹೊಂದುವ ತಂದೆತಾಯಿಯರನ್ನೋ ದಾನಿಗಳ ಪಟ್ಟಿಯಲ್ಲಿ ಹೆಸರು ಕೊಟ್ಟ ಅಪರಿಚಿತರನ್ನೋ ಆಶ್ರಯಿಸಬೇಕು. ಆದರೆ ದಾನವೆಂದೊಡನೆ ಬೆನ್ನುಹುರಿಗೆ ಸೂಜಿ ಹಾಕುವರು, ಕಾಲು ಬಿದ್ದುಹೋದೀತು ಎಂಬ ಭೀತಿ ಹಲವರಲ್ಲಿದೆ. ಬೆನ್ನುಹುರಿಗೂ ಮಜ್ಜೆಗೂ ಯಾವ ಸಂಬಂಧವೂ ಇಲ್ಲ. ಮಜ್ಜೆಯನ್ನು ತೆಗೆಯುವುದು ಸೊಂಟದ ಮೂಳೆಯ ಹಿಂಭಾಗದಿಂದ, ಅರಿವಳಿಕೆ ಕೊಟ್ಟು. ಈಗ ಬಹುವಾಗಿ, ಕೆಲವು ದಿನ ಚುಚ್ಚುಮದ್ದು ಕೊಟ್ಟು ಮೂಲಕೋಶಗಳನ್ನು ರಕ್ತಕ್ಕಿಳಿಸಿ ತೋಳಿನಿಂದಲೇ ಸಂಗ್ರಹಿಸುತ್ತಾರೆ. ಕೆಲವು ದಿನಗಳ ಮೈಕೈನೋವು ಇದ್ದೀತು. ಕೊಟ್ಟುದು ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಗೃಹಿಣಿಯರು ಗಮನಿಸಬೇಕಾದುದು

ಮಗು ಬಿಳಿಚಿಕೊಂಡಿದೆ ಎಂದೊಡನೆ ಗಾಬರಿಪಡಬೇಕಾಗಿಲ್ಲ. ನಮ್ಮಲ್ಲಿ ರಕ್ತಹೀನತೆಗೆ ಅತ್ಯಂತ ಸಾಮಾನ್ಯವಾದ ಕಾರಣ ಕಬ್ಬಿಣದ ಕೊರತೆ. ಆದರೆ ಬಿಳಿಚಿಕೊಳ್ಳುವುದರ ಜತೆಗೆ ಮತ್ತೆ ಮತ್ತೆ ಮರಳುವ ಜ್ವರ, ಪೆಟ್ಟು ಬೀಳದೆಯೇ ಮೈಮೇಲೆ ನೀಲಿಗಟ್ಟುವ ಕಲೆಗಳು, ಒಸಡಿನಿಂದ ಅಥವಾ ಮೂಗಿನಿಂದ ರಕ್ತ, ಮೂಳೆಗಳಲ್ಲಿ ನೋವು, ಕುತ್ತಿಗೆಯಲ್ಲಿ ಗಂಟು ಕಂಡುಬಂದರೆ ಟಾನಿಕ್ ಕುಡಿಸುತ್ತ ತಿಂಗಳುಗಳನ್ನು ಕಳೆಯಬಾರದು. ವೈದ್ಯರ ಬಳಿಗೆ ಕರೆದೊಯ್ದು ರಕ್ತಕಣಗಳ ಎಣಿಕೆಯನ್ನು ಮಾಡಿಸಬೇಕು. ಸಂಶಯ ಉಳಿದರೆ ವೈದ್ಯರು ಮಜ್ಜೆಯ ಪರೀಕ್ಷೆಗೆ ಹೇಳುವರು. ಆ ಜಾಗವನ್ನು ಮರಗಟ್ಟಿಸಿ ಮಾಡುವ ಆ ಪರೀಕ್ಷೆ ಸ್ವಲ್ಪ ಹೊತ್ತಿನ ಕೆಲಸ.

ಮಜ್ಜೆಯ ವ್ಯಾಧಿಗಳು ಭಯಂಕರವೆಂಬುದು ನಿಜ. ಅವುಗಳಲ್ಲಿ ಅನೇಕವು ಸಕಾಲದಲ್ಲಿ ತಿಳಿದರೆ ಇಂದು ಮಣಿಯುತ್ತವೆ ಎಂಬುದೂ ಅಷ್ಟೇ ನಿಜ. ಬೇಗನೆ ಗುರುತಿಸುವ ಕಣ್ಣು, ಚಿಕಿತ್ಸೆಯನ್ನು ನಡುವೆ ಬಿಡದ ತಾಳ್ಮೆ, ಕೇಳಿದಾಗ ಕೊಡುವ ದಾನಿಯ ಔದಾರ್ಯ, ಇವು ಮೂರೂ ಕೂಡಿದಲ್ಲಿ ಎಷ್ಟೋ ಮನೆಗಳ ದೀಪ ಆರದೆ ಉಳಿದೀತು.